ಫಾರ್ವರ್ಡ್ ಆಗಿ ಬಂದ ಸುದ್ದಿ ನಿಜವೋ ಸುಳ್ಳೋ? ಮೊಬೈಲ್‌ನಲ್ಲೇ ನೋಡಿಕೊಳ್ಳುವ ದಾರಿ

"ಇದು ನಿಜಾನಾ, ಸ್ವಲ್ಪ ನೋಡಿ ಹೇಳಿ." ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಜೊತೆಗೆ ಒಂದು ವಿಡಿಯೋ, ಇಲ್ಲವೇ ಪೇಪರ್ ಕಟಿಂಗ್, ಇಲ್ಲವೇ ಯಾವುದೋ ಚಾನೆಲ್ ಲೋಗೊ ಇರುವ ಕಾರ್ಡ್. ಒಬ್ಬೊಬ್ಬರಿಗೂ ಉತ್ತರ ಬರೆಯುವುದಕ್ಕಿಂತ, ನೀವೇ ನೋಡಿಕೊಳ್ಳುವ ದಾರಿಯನ್ನು ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಮೊದಲೇ ಒಂದು ಮಾತು. ನಮ್ಮ ಫೋನಿಗೆ ಬರುವ ಸುಳ್ಳುಗಳಲ್ಲಿ ಬಹಳಷ್ಟು ಹೊಸದಾಗಿ ತಯಾರಿಸಿದ್ದಲ್ಲ. ಚಿತ್ರ ನಿಜ, ವಿಡಿಯೋ ನಿಜ, ಆದರೆ ಅದರ ಮೇಲೆ ಬರೆದ ಊರು ಸುಳ್ಳು, ದಿನ ಸುಳ್ಳು, ಕಾರಣ ಸುಳ್ಳು. ಹಾಗಾಗಿ "ಈ ವಿಡಿಯೋ ಅಸಲಿಯಾ" ಎಂದು ಕೇಳಿಕೊಂಡರೆ ದಾರಿ ತಪ್ಪುತ್ತೀರಿ. ಎಲ್ಲಿನದು, ಯಾವಾಗಿನದು, ಮೊದಲು ಹಾಕಿದವರು ಯಾರು ಎಂದು ಕೇಳಬೇಕು. ಕೆಳಗಿನ ಎಲ್ಲ ಹಂತಗಳೂ ಈ ಮೂರು ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಇವೆ.

ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ 2018 ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಹರಡಿ, ಆ ವರ್ಷ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ ಅನುಮಾನಗೊಂಡ ಗುಂಪು ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಕೊಂದಿತು. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲಿದ್ದದ್ದು ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿಗಾಗಿ ಒಂದು ಸೇವಾ ಸಂಸ್ಥೆ ಮಾಡಿಸಿದ್ದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಆ ಕೊನೆಯ ಕೆಲವು ಸೆಕೆಂಡುಗಳನ್ನು ಕತ್ತರಿಸಿ ಹರಿಬಿಟ್ಟಿದ್ದರು. ಅಷ್ಟೇ. ಅಷ್ಟಕ್ಕೇ ಜೀವ ಹೋದವು.

ಏನೇನು ಬೇಕು

ಸ್ಮಾರ್ಟ್‌ಫೋನ್, ಇಂಟರ್ನೆಟ್, ಸ್ವಲ್ಪ ಸಮಾಧಾನ. ಗೂಗಲ್ ಆ್ಯಪ್ ಇರಲಿ, ಅದರೊಳಗಿನ ಗೂಗಲ್ ಲೆನ್ಸ್ ಬಹಳ ಉಪಯೋಗಕ್ಕೆ ಬರುತ್ತದೆ. ಲೆನ್ಸ್ ಅಂದರೆ ಪದದ ಬದಲು ಚಿತ್ರ ಕೊಟ್ಟು ಹುಡುಕುವ ಸೌಲಭ್ಯ. ಕಂಪ್ಯೂಟರ್ ಇದ್ದರೆ ಇನ್ನೂ ಸಲೀಸು, ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಸ್ಕ್ರೀನ್‌ಶಾಟ್‌ನ ಸ್ಕ್ರೀನ್‌ಶಾಟ್ ಬಂದಿದ್ದರೆ, ಕಳಿಸಿದವರ ಹತ್ತಿರ ಮೂಲ ಫೈಲ್ ಅಥವಾ ಲಿಂಕ್ ಇದೆಯಾ ಅಂತ ಮೊದಲು ಕೇಳಿ. ಚಿತ್ರ ಸ್ಪಷ್ಟವಾಗಿದ್ದಷ್ಟೂ ಹುಡುಕಾಟ ಸುಲಭ.

ಹಂತ 1: ಮೆಸೇಜನ್ನು ಬಿಡಿಸಿ ಇಡಿ

ಮೆಸೇಜ್ ಓದಿ ಸಿಟ್ಟು ಬಂತಾ, ಭಯ ಆಯ್ತಾ? ಅಲ್ಲೇ ನಿಲ್ಲಿ. ಆ ಭಾವನೆ ಬರಲಿ ಅಂತಲೇ ಬರೆದದ್ದಿರಬಹುದು.

ಆಮೇಲೆ ಅದರಲ್ಲಿ ಪರೀಕ್ಷಿಸಬಹುದಾದ ಮಾತು ಯಾವುದು ಎಂದು ಬೇರೆ ಮಾಡಿ. "ನೋಡಿ ನಮ್ಮ ನಾಡು ಎಲ್ಲಿಗೆ ಬಂತು, ನಿನ್ನೆ ರಾತ್ರಿ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹೀಗಾಯ್ತು, ಯಾವ ಚಾನೆಲ್ಲೂ ತೋರಿಸಲ್ಲ" ಎಂದಿದೆ ಅಂದುಕೊಳ್ಳಿ. ಮೊದಲ ತುಂಡು ಅಭಿಪ್ರಾಯ, ಅದನ್ನು ಬಿಡಿ. ನಿನ್ನೆ ರಾತ್ರಿ, ಹುಬ್ಬಳ್ಳಿ, ಬಸ್ ಸ್ಟ್ಯಾಂಡ್: ಈ ಮೂರನ್ನು ನೋಡಬಹುದು. "ಯಾವ ಚಾನೆಲ್ಲೂ ತೋರಿಸಲ್ಲ" ಅನ್ನುವುದು ನೀವು ಬೇರೆ ಕಡೆ ಹುಡುಕದೇ ಇರಲಿ ಅಂತ ಹಾಕಿರುವ ಸಾಲು. ಊರು, ದಿನ, ಹೆಸರು ಏನೂ ಇಲ್ಲದೆ ಬರೀ "ಎಲ್ಲರಿಗೂ ಕಳಿಸಿ" ಅಂತ ಮಾತ್ರ ಇದ್ದರೆ ಪರೀಕ್ಷಿಸಲು ಅಲ್ಲಿ ಏನೂ ಇಲ್ಲ, ಮುಂದೆ ಕಳಿಸುವುದಕ್ಕೂ ಕಾರಣವಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದೆಯಾ ನೋಡಿ. ಕನಿಷ್ಠ ಐದು ಕೈ ದಾಟಿ ನಿಮ್ಮ ಹತ್ತಿರ ಬಂದಿದೆ ಅಂತ ಅದರ ಅರ್ಥ. 2018ರ ಸಾವುಗಳ ನಂತರ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಬಂತು. 2020ರ ಏಪ್ರಿಲ್‌ನಿಂದ ಎರಡು ಬಾಣದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು.

ಎಚ್ಚರ: ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣದ ಗುರುತು ಹೋಗಿಬಿಡುತ್ತದೆ. ಬಾಣ ಇಲ್ಲ ಅಂದಮಾತ್ರಕ್ಕೆ ಕಳಿಸಿದವರೇ ಬರೆದಿದ್ದಾರೆ ಅಂದುಕೊಳ್ಳಬೇಡಿ.

ಹಂತ 2: ಪದ ಕೊಟ್ಟು ಹುಡುಕಿ, ಆಮೇಲೆ ಮೂಲ ಎಣಿಸಿ

ಊರು, ಘಟನೆ, ದಿನ ಇವನ್ನು ಮೂರು ನಾಲ್ಕು ಪದದಲ್ಲಿ ಗೂಗಲ್ ಮಾಡಿ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ. ಗಡಿ ಜಿಲ್ಲೆಯ ಸುದ್ದಿಯಾದರೆ ಪಕ್ಕದ ಭಾಷೆಯಲ್ಲೂ ನೋಡಿ, ಬೆಳಗಾವಿಗೆ ಮರಾಠಿ, ಬಳ್ಳಾರಿ ರಾಯಚೂರಿಗೆ ತೆಲುಗು. ಫಲಿತಾಂಶ ಬಂದ ಮೇಲೆ "ಟೂಲ್ಸ್" ಒತ್ತಿದರೆ ದಿನಾಂಕದ ಮಿತಿ ಹಾಕಬಹುದು. ಘಟನೆ "ನಿನ್ನೆಯದು" ಎಂದಿದ್ದರೆ, ನಿನ್ನೆಗಿಂತ ಹಿಂದಿನದನ್ನು ಮಾತ್ರ ತೋರಿಸುವಂತೆ ಹಾಕಿ ನೋಡಿ. ಅದೇ ಸುದ್ದಿ ಮೂರು ವರ್ಷದ ಹಿಂದೆಯೇ ಸಿಕ್ಕಿತೋ, ಅಲ್ಲಿಗೆ ಮುಗಿಯಿತು.

ಇಲ್ಲಿ ಜಾಸ್ತಿ ಜನ ಎಡವುವುದು ಎಣಿಕೆಯಲ್ಲಿ. ಹತ್ತು ವೆಬ್‌ಸೈಟಿನಲ್ಲಿ ಇದೆ, ಹಾಗಾದರೆ ನಿಜ ಅನ್ನುತ್ತಾರೆ. ಆ ಹತ್ತನ್ನೂ ತೆರೆದು ಓದಿ. ಒಂದೇ ವಾಕ್ಯ, ಒಂದೇ ಫೋಟೊ, ಒಂದೇ ತಪ್ಪು ಇದ್ದರೆ ಅವು ಹತ್ತು ಮೂಲ ಅಲ್ಲ, ಒಂದೇ ಮೂಲ. ಕೆಲವೊಮ್ಮೆ ಆ ಮೂಲ ಪಿಟಿಐನಂಥ ಸುದ್ದಿಸಂಸ್ಥೆ ಇರುತ್ತದೆ. ಸುದ್ದಿಸಂಸ್ಥೆ ಅಂದರೆ ತನ್ನ ವರದಿಗಾರರಿಂದ ಸುದ್ದಿ ತರಿಸಿ ಎಲ್ಲ ಪತ್ರಿಕೆಗಳಿಗೂ ಕೊಡುವ ಸಂಸ್ಥೆ. ಹಾಗಿದ್ದರೆ ಸರಿ, ಹೊಣೆ ಹೊರುವವರು ಇದ್ದಾರೆ. ಇನ್ನು ಕೆಲವೊಮ್ಮೆ ಆ ಮೂಲ ಯಾರೋ ಹಾಕಿದ ಫೇಸ್‌ಬುಕ್ ಪೋಸ್ಟ್ ಆಗಿರುತ್ತದೆ, ಒಬ್ಬರನ್ನು ನೋಡಿ ಒಬ್ಬರು ಎತ್ತಿಕೊಂಡಿರುತ್ತಾರೆ.

2016ರ ನವೆಂಬರ್ ನೆನಪಿದೆಯಲ್ಲ? ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ ಇದೆ, ನೆಲದ ಕೆಳಗೆ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಿಂದ ಟಿವಿ ಸ್ಟುಡಿಯೋವರೆಗೂ ಹೋಯಿತು. ನೋಟು ಅಚ್ಚು ಹಾಕಿಸುವ ರಿಸರ್ವ್ ಬ್ಯಾಂಕ್ ನೋಟಿನ ವಿವರ ಹೇಳುವಾಗ ಇದನ್ನು ಹೇಳಿರಲೇ ಇಲ್ಲ. ಅದರ ವೆಬ್‌ಸೈಟಿನಲ್ಲಿ ಭದ್ರತಾ ಲಕ್ಷಣಗಳ ಪಟ್ಟಿಯೇ ಇತ್ತು. ಐದು ನಿಮಿಷದ ಕೆಲಸ. ಪರದೆ ಮೇಲೆ ಕೂತು ಹೇಳಿದವರು ಆ ಐದು ನಿಮಿಷ ಕೊಡಲಿಲ್ಲ, ಅದರ ಬೆಲೆಯನ್ನು ಇವತ್ತಿಗೂ ಎಚ್ಚರದಿಂದ ಕೆಲಸ ಮಾಡುವ ವರದಿಗಾರರೂ ಸೇರಿ ತೆರುತ್ತಿದ್ದಾರೆ. ಜನ ಈಗ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ನನಗೆ ಅದು ನಿಜವಾಗಿ ನೋವಿನ ಸಂಗತಿ.

ಸುದ್ದಿ ಓದುವಾಗ ವಾಕ್ಯದ ಕೊನೆ ನೋಡುವ ಅಭ್ಯಾಸ ಮಾಡಿಕೊಳ್ಳಿ. "ಎನ್ನಲಾಗಿದೆ", "ಎಂದು ಹೇಳಲಾಗುತ್ತಿದೆ", "ಮೂಲಗಳು ತಿಳಿಸಿವೆ" ಎಂದು ಬಂದ ಕಡೆಯೆಲ್ಲ ಒಂದು ಪ್ರಶ್ನೆ ಹಾಕಿ: ಅಂದವರು ಯಾರು? ಹೆಸರು ಹೇಳದ ಮೂಲ ಇರಬಾರದು ಅಂತಲ್ಲ, ಎಷ್ಟೋ ಹಗರಣಗಳು ಹೊರಗೆ ಬಂದಿದ್ದು ಹೆಸರು ಮುಚ್ಚಿಟ್ಟ ಮೂಲಗಳಿಂದಲೇ. ಆದರೆ ಇಡೀ ವರದಿಯಲ್ಲಿ ಒಂದು ದಾಖಲೆ, ಒಂದು ಹೆಸರು, ಒಬ್ಬ ಅಧಿಕಾರಿಯ ಮಾತು, ಆರೋಪ ಎದುರಿಸುವವರ ಪ್ರತಿಕ್ರಿಯೆ ಯಾವುದೂ ಇಲ್ಲದಿದ್ದರೆ ಅದನ್ನು ಸುದ್ದಿ ಅಂತ ಹಂಚಬೇಡಿ. ತಲೆಬರಹದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಅಷ್ಟೇ, ಉತ್ತರ ಅವರಿಗೂ ಗೊತ್ತಿಲ್ಲ.

ಹಂತ 3: ಫೋಟೊ ಕೊಟ್ಟು ಹುಡುಕಿ

ಫೋಟೊ ಸೇವ್ ಮಾಡಿ, ಗೂಗಲ್ ಆ್ಯಪ್‌ನಲ್ಲಿ ಕ್ಯಾಮೆರಾ ಗುರುತು ಒತ್ತಿ, ಆ ಫೋಟೊ ಆರಿಸಿ. ಮೊದಲಿಗೆ ಅದರಂಥದ್ದೇ ಬೇರೆ ಚಿತ್ರಗಳು ಬರುತ್ತವೆ, ಅವು ಬೇಡ. "ಎಕ್ಸಾಕ್ಟ್ ಮ್ಯಾಚಸ್" ಎಂಬ ಕಡೆ ಹೋಗಿ, ಅದೇ ಚಿತ್ರ ಬೇರೆ ಎಲ್ಲೆಲ್ಲಿ ಇದೆ ಎಂದು ನೋಡಿ. ಅದರಲ್ಲಿ ಅತಿ ಹಳೆಯದನ್ನು ಹುಡುಕುವುದು ನಿಮ್ಮ ಕೆಲಸ. ಟಿನ್‌ಐ ಎಂಬ ಇನ್ನೊಂದು ವೆಬ್‌ಸೈಟ್ ಇದೆ, ಅದರಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಿಕೊಳ್ಳಬಹುದು. ಗೂಗಲ್‌ನಲ್ಲಿ ಸಿಗದ್ದು ಕೆಲವೊಮ್ಮೆ ರಷ್ಯಾದ ಯಾಂಡೆಕ್ಸ್‌ನಲ್ಲಿ ಸಿಗುತ್ತದೆ.

ಸಿಗಲಿಲ್ಲವಾ? ಚಿತ್ರದ ಮೇಲೆ ಬರೆದ ಅಕ್ಷರ, ಕೆಂಪು ವೃತ್ತ, ಬಾಣ ಎಲ್ಲ ಕತ್ತರಿಸಿ ಬರೀ ಮುಖ್ಯ ಭಾಗ ಕೊಡಿ. ಎಡಬಲ ತಿರುಗಿಸಿ ಮತ್ತೊಮ್ಮೆ ಕೊಡಿ. ಹುಡುಕುವವರಿಗೆ ಸಿಗಬಾರದು ಅಂತ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕುವುದು ಹಳೆಯ ತಂತ್ರ. ಬೋರ್ಡಿನ ಅಕ್ಷರ ಉಲ್ಟಾ ಕಂಡರೆ, ಎಲ್ಲರ ಗಡಿಯಾರವೂ ಬಲಗೈಯಲ್ಲೇ ಇದ್ದರೆ ಇದೇ ಅನುಮಾನ ಬರಲಿ.

ಎಚ್ಚರ: ಎಲ್ಲೂ ಸಿಗಲಿಲ್ಲ ಅಂದರೆ ನಿಜ ಅಂತ ಅರ್ಥ ಅಲ್ಲ. "ಹಳೆಯ ಪ್ರತಿ ಸಿಗಲಿಲ್ಲ" ಅಂತ ಮಾತ್ರ ಅರ್ಥ. ಮುಂದಿನ ಹಂತಕ್ಕೆ ಹೋಗಿ.

ಹಂತ 4: ವಿಡಿಯೋ ಒಳಗಿನ ಸುಳಿವು ಓದಿ

ವಿಡಿಯೋವನ್ನು ಹಾಗೇ ಕೊಟ್ಟು ಹುಡುಕಲು ಆಗುವುದಿಲ್ಲ. ಎರಡು ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಹಂತ 3ರಲ್ಲಿ ಹೇಳಿದ ಹಾಗೆ ಒಂದೊಂದನ್ನೂ ಹುಡುಕಿ. ಮುಖಗಳಿಗಿಂತ ಕಟ್ಟಡ, ಬೋರ್ಡ್, ವಾಹನ ಕಾಣುವ ಜಾಗ ಆರಿಸಿ. ಕಂಪ್ಯೂಟರ್ ಇದ್ದರೆ ಕ್ರೋಮ್‌ಗೆ ಇನ್‌ವಿಡ್ ಎಂಬ ಉಚಿತ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಧನ) ಹಾಕಿಕೊಳ್ಳಿ, ಅದು ವಿಡಿಯೋವನ್ನು ತಾನೇ ಚಿತ್ರಗಳಾಗಿ ಬಿಡಿಸಿ ಹುಡುಕಲು ಕೊಡುತ್ತದೆ. ಪತ್ರಕರ್ತರು ಬಳಸುವುದೂ ಇದನ್ನೇ.

ಆಮೇಲೆ ಸುಮ್ನೆ ಕೂತು ವಿಡಿಯೋ ನೋಡಿ. ದನಿ ಪೂರ್ತಿ ನಿಲ್ಲಿಸಿ ಒಮ್ಮೆ, ದನಿ ಮಾತ್ರ ಕೇಳುತ್ತಾ ಒಮ್ಮೆ.

ವಾಹನಗಳ ನಂಬರ್ ಪ್ಲೇಟ್ ಎಲ್ಲಕ್ಕಿಂತ ದೊಡ್ಡ ಸುಳಿವು. ಕೆಎ ಇದ್ದರೆ ಕರ್ನಾಟಕ, ಅದರ ಮುಂದಿನ ಅಂಕಿ ಆರ್‌ಟಿಓ ಕಚೇರಿ: 19 ಮಂಗಳೂರು, 20 ಉಡುಪಿ, 22 ಬೆಳಗಾವಿ, 25 ಧಾರವಾಡ, 28 ವಿಜಯಪುರ, 32 ಕಲಬುರಗಿ, 38 ಬೀದರ್, 12 ಮಡಿಕೇರಿ. ಒಂದು ಗಾಡಿ ಎಲ್ಲಿಂದಾದರೂ ಬಂದಿರಬಹುದು, ನಿಜ. ಆದರೆ ಕಾಣುವ ಎಲ್ಲ ಬೈಕೂ ಬೇರೆ ರಾಜ್ಯದ್ದಾದರೆ ಅದು ಹುಬ್ಬಳ್ಳಿ ಅಲ್ಲವೇ ಅಲ್ಲ. ಬಸ್ಸಿನ ವಿಷಯದಲ್ಲಿ ಜನ ಬಹಳ ಸಲ ಮೋಸ ಹೋಗುತ್ತಾರೆ. ಕೆಎಸ್‌ಆರ್‌ಟಿಸಿ ಎಂಬ ಹೆಸರು ಕೇರಳದ ಸಾರಿಗೆ ಸಂಸ್ಥೆಗೂ ಇದೆ. ಅವರ ಬಸ್ಸುಗಳು ಕೆಎಲ್ 15, ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಕೆಎ ಮತ್ತು ಅಂಕಿಯ ಪಕ್ಕದಲ್ಲಿ ಎಫ್ ಅಕ್ಷರ ಇರುತ್ತದೆ. ಇನ್ನು ಹುಬ್ಬಳ್ಳಿ ಕಡೆ ಓಡುವುದು ವಾಯವ್ಯ ಸಾರಿಗೆ, ಕಲಬುರಗಿ ಕಡೆ ಕಲ್ಯಾಣ ಕರ್ನಾಟಕ ಸಾರಿಗೆ. ಬಸ್ಸಿನ ಪಕ್ಕದ ಹೆಸರು ಓದಿದರೆ ಅರ್ಧ ಕೆಲಸ ಆದ ಹಾಗೆ.

ಅಂಗಡಿ ಬೋರ್ಡಿನ ಭಾಷೆ, ಅದರ ಮೇಲಿನ ಫೋನ್ ನಂಬರ್, ಪೊಲೀಸರ ಸಮವಸ್ತ್ರ, ಆಟೋದ ಬಣ್ಣ ಇವೂ ಮಾತಾಡುತ್ತವೆ. ಒಂದು ಅಂಗಡಿ ಹೆಸರು ಸಿಕ್ಕರೆ ಗೂಗಲ್ ಮ್ಯಾಪ್‌ನಲ್ಲಿ ಹಾಕಿ. ಸ್ಟ್ರೀಟ್ ವ್ಯೂ ಅಂದರೆ ರಸ್ತೆಯಲ್ಲಿ ನಿಂತು ನೋಡಿದ ಹಾಗೆ ಕಾಣುವ ಫೋಟೊಗಳು. 2022ರಿಂದ ಅದು ಭಾರತದ ನಗರಗಳಿಗೂ ಬಂದಿದೆ, ಬೆಂಗಳೂರು ಮೊದಲ ಪಟ್ಟಿಯಲ್ಲೇ ಇತ್ತು. ವಿಡಿಯೋದಲ್ಲಿರುವ ಕಟ್ಟಡ, ಕಂಬ, ತಿರುವು ಅಲ್ಲಿಗೆ ಹೊಂದುತ್ತಾ ನೋಡಿ. ಹವಾಮಾನವನ್ನೂ ಗಮನಿಸಿ: ಊರಿನಲ್ಲಿ ಬಿಡದೆ ಮಳೆ ಸುರಿಯುತ್ತಿರುವ ದಿನದ ವಿಡಿಯೋ ಅಂತ ಹೇಳಿ, ನೆಲ ಒಣಗಿ ದೂಳು ಏಳುತ್ತಿದ್ದರೆ?

ದನಿಯ ಮೇಲೆ ಪೂರ್ತಿ ನಂಬಿಕೆ ಬೇಡ. ಮೂಲ ದನಿ ತೆಗೆದು ಘೋಷಣೆಯನ್ನೋ ಅಳುವನ್ನೋ ಕೂರಿಸುವುದು ತೀರಾ ಸುಲಭ. ತುಟಿ ಚಲನೆ ಹೊಂದುತ್ತಿದೆಯಾ, ಕ್ಯಾಮೆರಾ ಜನರಿಂದ ದೂರ ಹೋದಾಗ ದನಿಯೂ ಸಣ್ಣದಾಗುತ್ತಿದೆಯಾ ಎಂದು ನೋಡಿ.

ಕೊನೆಗೆ, ವಿಡಿಯೋ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ? ಹೊಡೆತದಿಂದಲೇ ಶುರುವಾಗಿದ್ದರೆ ಅದಕ್ಕೆ ಮುಂಚೆ ಏನಾಯಿತು? ಮಾತಿನ ಮಧ್ಯೆ ಕಡಿದಿದ್ದರೆ ಪೂರ್ತಿ ಭಾಷಣ ಎಲ್ಲಿದೆ? ರಾಜಕಾರಣಿಗಳ ಭಾಷಣದ ತುಣುಕಾದರೆ ಯೂಟ್ಯೂಬ್‌ನಲ್ಲಿ ಪೂರ್ತಿ ಭಾಷಣ ಸಾಮಾನ್ಯವಾಗಿ ಇರುತ್ತದೆ, ಹಿಂದಿನ ಎರಡು ನಿಮಿಷ ಮುಂದಿನ ಎರಡು ನಿಮಿಷ ಕೇಳಿ. "ವಿರೋಧಿಗಳು ಹೀಗೆ ಹೇಳುತ್ತಾರೆ" ಎಂದು ಉದಾಹರಿಸಿದ ಸಾಲನ್ನೇ ಅವರ ಮಾತು ಅಂತ ಕತ್ತರಿಸಿ ಹಾಕಿರುವುದು ಎಷ್ಟೋ ಸಲ ಆಗಿದೆ, ಎಲ್ಲ ಪಕ್ಷದವರಿಗೂ ಆಗಿದೆ.

ಹಂತ 5: ಪೇಪರ್ ಕಟಿಂಗ್, ಚಾನೆಲ್ ಕಾರ್ಡ್, ಸುತ್ತೋಲೆ

ಅಚ್ಚಾದದ್ದು ನಿಜ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದನ್ನೇ ಬಳಸಿಕೊಳ್ಳುತ್ತಾರೆ. ಕಟಿಂಗ್ ಬಂದರೆ ಪತ್ರಿಕೆ ಯಾವುದು, ದಿನ ಯಾವುದು ಎಂದು ಮೊದಲು ನೋಡಿ. ಎರಡೂ ಇಲ್ಲದ ಕಟಿಂಗ್ ಎಂದರೆ ವಿಳಾಸ ಇಲ್ಲದ ಮಾತು. ಇದ್ದರೆ ಆ ದಿನದ ಇ-ಪೇಪರ್ ತೆರೆಯಿರಿ. ಪ್ರಜಾವಾಣಿ, ವಿಜಯ ಕರ್ನಾಟಕ, ಉದಯವಾಣಿ, ಕನ್ನಡಪ್ರಭ ಹೀಗೆ ದೊಡ್ಡ ಪತ್ರಿಕೆಗಳೆಲ್ಲ ಇ-ಪೇಪರ್ ಹಾಕುತ್ತವೆ. ಒಂದು ಮರೆಯಬೇಡಿ: ಜಿಲ್ಲೆಗೊಂದು ಆವೃತ್ತಿ ಇರುತ್ತದೆ. ಬೆಂಗಳೂರು ಆವೃತ್ತಿಯಲ್ಲಿ ಇಲ್ಲ ಎಂದು ಸುಳ್ಳು ಅನ್ನಬೇಡಿ, ಸುದ್ದಿ ಶಿವಮೊಗ್ಗದ್ದಾದರೆ ಶಿವಮೊಗ್ಗ ಆವೃತ್ತಿ ನೋಡಿ.

ಅಕ್ಷರದ ಆಕಾರ ಸಹ ಹೇಳುತ್ತದೆ. ಪ್ರತಿ ಪತ್ರಿಕೆಗೂ ತನ್ನದೇ ಫಾಂಟ್ ಇದೆ. ದಿನಾ ಓದುವ ಪತ್ರಿಕೆಯ ತಲೆಬರಹ ನಿಮ್ಮ ಕಣ್ಣಿಗೆ ಅಭ್ಯಾಸ ಆಗಿರುತ್ತದೆ, ಬೇರೆ ಥರ ಕಂಡರೆ ಕಣ್ಣನ್ನು ನಂಬಿ. ಒತ್ತಕ್ಷರ ಬಿಡಿಸಿಕೊಂಡು ಪಕ್ಕಕ್ಕೆ ಬಿದ್ದಿರುವುದು, ಸಾಲುಗಳ ನಡುವೆ ಅಂತರ ಏರುಪೇರಾಗಿರುವುದು, ಕಾಲಂ ಅಂಚು ಸೊಟ್ಟಗಿರುವುದು ಇವೆಲ್ಲ ಕೃತಕ ಕಟಿಂಗ್‌ನ ಗುರುತು. ಚಾನೆಲ್ ಕಾರ್ಡ್ ಆದರೆ ಆ ಚಾನೆಲ್‌ನ ಅಧಿಕೃತ ಪುಟಕ್ಕೆ ಹೋಗಿ ಅದೇ ದಿನದ ಪೋಸ್ಟ್‌ಗಳಲ್ಲಿ ಹುಡುಕಿ. ಲೋಗೊ ಅಂಟಿಸುವುದು ಎರಡು ನಿಮಿಷದ ಕೆಲಸ.

ಸರ್ಕಾರಿ ಆದೇಶ, ಸುತ್ತೋಲೆಗಳಿಗೆ ಬೇರೆ ಕ್ರಮ. ಆದೇಶ ಸಂಖ್ಯೆ, ದಿನಾಂಕ, ಸಹಿ ಮಾಡಿದವರ ಹುದ್ದೆ ಮೂರೂ ಇರಬೇಕು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ತಂದೆ ತಾಯಂದಿರಿಗೆ ಗೊತ್ತೇ ಇದೆ, ರಾತ್ರಿ ಒಂಬತ್ತಕ್ಕೆ "ನಾಳೆ ಶಾಲೆಗೆ ರಜೆ" ಎಂಬ ಪತ್ರ ಓಡಾಡುತ್ತದೆ. ಹಳೆಯ ಆದೇಶದಲ್ಲಿ ದಿನಾಂಕ ಮಾತ್ರ ಬದಲಿಸಿದ್ದಿರಬಹುದು. ದಿನಾಂಕದ ಪಕ್ಕ ಬರೆದ ವಾರ ಹೊಂದುತ್ತಾ ನೋಡಿ, ಅಂಕಿಯ ದಪ್ಪ ಉಳಿದ ಅಕ್ಷರಕ್ಕಿಂತ ಬೇರೆ ಇದೆಯಾ ನೋಡಿ, ಆಮೇಲೆ ಜಿಲ್ಲಾಧಿಕಾರಿ ಅಥವಾ ವಾರ್ತಾ ಇಲಾಖೆಯ ಪುಟ ನೋಡಿ. ಗೃಹಲಕ್ಷ್ಮಿಯಂಥ ಯೋಜನೆ ಹೆಸರಲ್ಲಿ "ಈ ಲಿಂಕ್ ಒತ್ತಿ, ಕೂಡಲೇ ಹಣ ಬರುತ್ತದೆ" ಅಂತ ಬಂದರೆ ಲಿಂಕ್ ಒತ್ತಲೇಬೇಡಿ. ಸರ್ಕಾರದ ವೆಬ್ ವಿಳಾಸ ಸಾಮಾನ್ಯವಾಗಿ "ಗವ್ ಡಾಟ್ ಇನ್" ಅಥವಾ "ಎನ್‌ಐಸಿ ಡಾಟ್ ಇನ್" ಎಂದು ಮುಗಿಯುತ್ತದೆ. ಆ ಪದ ವಿಳಾಸದ ಮಧ್ಯದಲ್ಲಿ ಇದ್ದರೆ ಸಾಲದು, ಕೊನೆಯಲ್ಲಿ ಇರಬೇಕು. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ತಡಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಜಾಹೀರಾತಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಸುದ್ದಿಯ ರೂಪದಲ್ಲೇ ಇರುವ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ "ಜಾಹೀರಾತು" ಅಂತ ಇದೆಯಾ ನೋಡಿ. ಹಾಗೆ ಬರೆಯದೇ ದುಡ್ಡು ತೆಗೆದುಕೊಂಡು ಸುದ್ದಿ ಅಂತ ಹಾಕಿದರೆ ಅದನ್ನೇ ಪೇಯ್ಡ್ ನ್ಯೂಸ್ ಅನ್ನುವುದು. ಚುನಾವಣೆ ಸಮಯದಲ್ಲಿ ಎರಡು ಪತ್ರಿಕೆಯಲ್ಲಿ ಒಬ್ಬ ಅಭ್ಯರ್ಥಿಯ ಬಗ್ಗೆ ಅಕ್ಷರಕ್ಕೆ ಅಕ್ಷರ ಒಂದೇ ಹೊಗಳಿಕೆ ಕಂಡರೆ ಅನುಮಾನ ಪಡಿ.

ಹಂತ 6: ಎಐ ಮಾಡಿದ ಮುಖ, ದನಿ

ಡೀಪ್‌ಫೇಕ್ ಅಂದರೆ ಎಐ (ಕೃತಕ ಬುದ್ಧಿಮತ್ತೆ) ಸಹಾಯದಿಂದ ಒಬ್ಬರ ಮುಖ ಅಥವಾ ದನಿಯನ್ನು ಇನ್ನೊಂದು ವಿಡಿಯೋಗೆ ಕೂರಿಸುವುದು. 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋಗೆ ಹಾಕಿದ್ದು ದೇಶವೆಲ್ಲ ಚರ್ಚೆಯಾಯಿತು. ಮರು ತಿಂಗಳೇ ಇನ್ಫೊಸಿಸ್ ಸ್ಥಾಪಕ ನಾರಾಯಣ ಮೂರ್ತಿ, ತಮ್ಮ ಹೆಸರಲ್ಲಿ ಹೂಡಿಕೆ ಆ್ಯಪ್‌ಗಳ ಪ್ರಚಾರ ಮಾಡುತ್ತಿರುವ ವಿಡಿಯೋ, ಸುದ್ದಿಗಳು ನಕಲಿ ಎಂದು ಸಾರ್ವಜನಿಕವಾಗಿ ಹೇಳಬೇಕಾಯಿತು.

ಕಣ್ಣು ಮಿಟುಕಿಸುವುದು, ಬೆರಳಿನ ಲೆಕ್ಕ, ಹಲ್ಲಿನ ಆಕಾರ ನೋಡಿ ಅಂತ ಹಿಂದೆ ಹೇಳುತ್ತಿದ್ದರು. ಈಗಲೂ ನೋಡಿ, ಆದರೆ ಅದರ ಮೇಲೇ ನಿಲ್ಲಬೇಡಿ. ತಂತ್ರಜ್ಞಾನ ದಿನೇ ದಿನೇ ಸುಧಾರಿಸುತ್ತಿದೆ, ಕಣ್ಣಿಗೆ ಕಾಣುವ ತಪ್ಪು ಕಡಿಮೆಯಾಗುತ್ತಿದೆ. ಹಳೆಯ ಪ್ರಶ್ನೆಗೇ ಬನ್ನಿ: ಮೊದಲು ಹಾಕಿದವರು ಯಾರು? ಇಷ್ಟು ಹೆಸರಾದ ವ್ಯಕ್ತಿ ಇಂಥ ಮಾತು ಹೇಳಿದ್ದರೆ ಅವರ ಸ್ವಂತ ಖಾತೆಯಲ್ಲಿ, ಅಲ್ಲಿದ್ದ ಐದಾರು ಕ್ಯಾಮೆರಾಗಳಲ್ಲಿ ಎಲ್ಲಾದರೂ ಇರಬೇಕಲ್ಲ? ಒಂದು ಫ್ರೇಮ್ ತೆಗೆದು ಲೆನ್ಸ್‌ನಲ್ಲಿ ಹುಡುಕಿದರೆ ಮೂಲ ಸಂದರ್ಶನ ಸಿಗುವುದುಂಟು: ಅದೇ ಅಂಗಿ, ಅದೇ ಕುರ್ಚಿ, ಮಾತು ಮಾತ್ರ ಬೇರೆ.

ಎಚ್ಚರ: ಚಾಟ್‌ಬಾಟ್‌ಗೆ "ಇದು ನಿಜಾನಾ" ಅಂತ ಕೇಳಿ ಅದರ ಉತ್ತರವನ್ನೇ ತೀರ್ಪು ಮಾಡಿಕೊಳ್ಳಬೇಡಿ. ಅವು ಗಟ್ಟಿಯಾಗಿ ತಪ್ಪು ಹೇಳುವುದುಂಟು. ಎಐ ಪತ್ತೆ ಮಾಡುವ ಉಚಿತ ವೆಬ್‌ಸೈಟುಗಳ ಶೇಕಡಾವಾರು ಅಂಕಿಯೂ ಬರೀ ಒಂದು ಸುಳಿವು, ಸಾಕ್ಷಿ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಗುಣಮಟ್ಟ ಇಳಿದ ಫೈಲಿನ ಮೇಲೆ ಅವು ಇನ್ನೂ ಜಾಸ್ತಿ ತಪ್ಪುತ್ತವೆ.

ಹಂತ 7: ಗೊತ್ತಿರಬೇಕಾದವರನ್ನೇ ಕೇಳಿ

ಪ್ರತಿ ವಿಷಯಕ್ಕೂ ಒಬ್ಬ ಯಜಮಾನ ಇರುತ್ತಾನೆ. ಅಣೆಕಟ್ಟೆ, ಮಳೆ, ಸಿಡಿಲಿನ ವಿಷಯಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅದು ಜಲಾಶಯಗಳ ಮಟ್ಟವನ್ನು ದಿನಾ ಪ್ರಕಟಿಸುತ್ತದೆ. ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ. "ಡ್ಯಾಂ ತುಂಬಿ ಹರಿಯುತ್ತಿದೆ, ಊರು ಖಾಲಿ ಮಾಡಿ" ಅಂತ ಬಂದ ದಿನ ಆ ಪಟ್ಟಿಯಲ್ಲಿ ಎಷ್ಟಿದೆ ನೋಡಿದರೆ ಸಾಕು. ಪರೀಕ್ಷೆ, ಫಲಿತಾಂಶಕ್ಕೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಗಲಾಟೆ, ಅಪರಾಧಕ್ಕೆ ಆ ಜಿಲ್ಲೆಯ ಪೊಲೀಸರ ಪುಟ. ಆ ಊರಿನಲ್ಲಿ ನಿಮಗೆ ಗೊತ್ತಿರುವವರು ಇದ್ದರೆ ಒಂದು ಫೋನ್ ಮಾಡಿ, "ನೀವೇ ಕಣ್ಣಾರೆ ನೋಡಿದಿರಾ, ಯಾರೋ ಹೇಳಿದ್ದಾ" ಎಂದು ಬಿಡದೆ ಕೇಳಿ.

ಗಾಬರಿ ಹುಟ್ಟಿಸುವ ಸುದ್ದಿಯೆಲ್ಲ ಸುಳ್ಳು ಅನ್ನುವ ತೀರ್ಮಾನಕ್ಕೂ ಬರಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ (ನೀರು ಹೊರಬಿಡುವ ಬಾಗಿಲು) ಕೊಚ್ಚಿಹೋಯಿತು ಎಂಬ ಸುದ್ದಿ ಬಂದಾಗ ನಂಬಲು ಕಷ್ಟವಾಗಿತ್ತು. 33 ಗೇಟಿನ, 70 ವರ್ಷದ ಅಣೆಕಟ್ಟೆ. ಆದರೆ ಅದು ನಿಜವಾಗಿತ್ತು. ಅಂಥ ಹೊತ್ತಿನಲ್ಲಿ "ಇದೂ ಫೇಕ್" ಅಂತ ಕಡೆಗಣಿಸಿದರೆ ನದಿ ಪಾತ್ರದ ಜನರಿಗೆ ಅಪಾಯ. ಇದಕ್ಕೆ ಉಲ್ಟಾ, 2012ರ ಆಗಸ್ಟ್‌ನಲ್ಲಿ ದಾಳಿ ನಡೆಯುತ್ತದೆ ಎಂಬ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರಲ್ಲ, ಆಗ ಪೊಲೀಸರು ಅಂಥದ್ದೇನಿಲ್ಲ ಎಂದರೂ ಅವರಿಗೆ ಭರವಸೆ ಹುಟ್ಟಲಿಲ್ಲ. ಅಧಿಕೃತ ಹೇಳಿಕೆ ಮುಖ್ಯ, ಆದರೆ ಅದೊಂದೇ ಸಾಕ್ಷಿ ಅಲ್ಲ. ಅಧಿಕಾರಿಗಳೂ ತಪ್ಪು ಹೇಳಬಹುದು, ಮುಚ್ಚಿಡಬಹುದು. ಅವರ ಮಾತನ್ನೂ ಸ್ಥಳದಲ್ಲಿದ್ದ ವರದಿಗಾರರ ಮಾತಿನ ಪಕ್ಕ ಇಟ್ಟು ನೋಡಿ.

ಹಂತ 8: ಬೇರೆಯವರು ಆಗಲೇ ನೋಡಿದ್ದಾರಾ?

ಸತ್ಯಶೋಧನೆ, ಅಂದರೆ ಫ್ಯಾಕ್ಟ್‌ಚೆಕ್ ಮಾಡುವುದೇ ಕೆಲಸವಾಗಿರುವ ಸಂಸ್ಥೆಗಳಿವೆ. ನ್ಯೂಸ್‌ಚೆಕರ್ ಕನ್ನಡದಲ್ಲೇ ಬರೆಯುತ್ತದೆ. ಆಲ್ಟ್ ನ್ಯೂಸ್, ಬೂಮ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಗೂಗಲ್‌ನ ಫ್ಯಾಕ್ಟ್ ಚೆಕ್ ಎಕ್ಸ್‌ಪ್ಲೋರರ್‌ನಲ್ಲಿ ಪದ ಹಾಕಿದರೆ ಹಲವು ಸಂಸ್ಥೆಗಳ ವರದಿ ಒಟ್ಟಿಗೆ ಸಿಗುತ್ತವೆ. ಓದುವಾಗ "ಸುಳ್ಳು" ಎಂಬ ಕೆಂಪು ಮುದ್ರೆ ನೋಡಿ ಬಿಡಬೇಡಿ. ಹೇಗೆ ಕಂಡುಹಿಡಿದರು, ಮೂಲದ ಲಿಂಕ್ ಕೊಟ್ಟಿದ್ದಾರಾ, ನೀವೂ ಒತ್ತಿ ನೋಡಬಹುದಾ ಎನ್ನುವುದು ಮುಖ್ಯ.

ಪಿಐಬಿ ಫ್ಯಾಕ್ಟ್ ಚೆಕ್ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯದ್ದು, 2019ರಿಂದ ಇದೆ. ಕೇಂದ್ರದ ಯೋಜನೆ, ಆದೇಶಗಳ ಬಗ್ಗೆ ಇದ್ದರೆ ಉಪಯುಕ್ತ. ಆದರೆ ಸರ್ಕಾರ ತನ್ನ ಬಗ್ಗೆಯೇ ತೀರ್ಪು ಕೊಡುವುದು ಎಷ್ಟು ಸರಿ ಎಂಬ ಪ್ರಶ್ನೆ ಸಣ್ಣದಲ್ಲ. ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಡಿ ಅಂಥ ಘಟಕಕ್ಕೆ ಕಾನೂನಿನ ಬಲ ಕೊಡುವ 2023ರ ತಿದ್ದುಪಡಿಯನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು.

ಹಂತ 9: ಗ್ರೂಪಿನಲ್ಲಿ ಹೇಳುವುದು ಹೇಗೆ

ಎಲ್ಲ ಮುಗಿದ ಮೇಲೆ ಉತ್ತರ ಮೂರರಲ್ಲಿ ಒಂದು: ನಿಜ, ಸುಳ್ಳು, ಇನ್ನೂ ಗೊತ್ತಿಲ್ಲ. ಮೂರನೆಯದನ್ನು ಹೇಳಲು ನಾಚಿಕೆ ಬೇಡ.

ಮನೆಯ ಗ್ರೂಪಿನಲ್ಲಿ ಎಲ್ಲರೆದುರು ಹಿರಿಯರನ್ನು ತಿದ್ದಿದರೆ ಅವರು ಸುದ್ದಿಯನ್ನಲ್ಲ, ತಮ್ಮ ಮರ್ಯಾದೆಯನ್ನು ಕಾಪಾಡಿಕೊಳ್ಳಲು ನಿಲ್ಲುತ್ತಾರೆ. ಮೊದಲು ಅವರಿಗೇ ಬೇರೆಯಾಗಿ ಕಳಿಸಿ. ಹೀಗೆ ಬರೆಯಬಹುದು:

"ದೊಡ್ಡಪ್ಪ, ಆ ವಿಡಿಯೋ ನಾನೂ ನೋಡಿದೆ. ಅದು ನಮ್ಮ ಕಡೆಯದಲ್ಲ, 2021ರಲ್ಲೇ ಯೂಟ್ಯೂಬ್‌ನಲ್ಲಿ ಇತ್ತು, ಲಿಂಕ್ ಕೆಳಗೆ ಹಾಕಿದ್ದೀನಿ ನೋಡಿ. ನೀವು ಬೇರೆ ಯಾರಿಗಾದರೂ ಕಳಿಸಿದ್ದರೆ ಅವರಿಗೂ ಒಂದು ಮಾತು ಹೇಳಿಬಿಡಿ, ನೀವು ಹೇಳಿದರೆ ಕೇಳ್ತಾರೆ."

ಬರೀ "ಫೇಕ್" ಅಂತ ಹಾಕಬೇಡಿ, ಪುರಾವೆ ಕೊಡಿ. ಸುಳ್ಳು ವಿಡಿಯೋವನ್ನೇ ಮತ್ತೆ ಹಾಕಿ "ಇದು ಸುಳ್ಳು" ಎಂದು ಬರೆಯಲೂಬೇಡಿ, ಬರಹ ಹೋಗಿ ವಿಡಿಯೋ ಮಾತ್ರ ಮುಂದೆ ಓಡುತ್ತದೆ. ನೀವೇ ಕಳಿಸಿದ್ದರೆ ಎರಡು ದಿನದೊಳಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು, ಆದರೆ ಅಳಿಸಿ ಸುಮ್ಮನಾಗದೆ ಅದು ತಪ್ಪಾಗಿತ್ತು ಎಂದು ಒಂದು ಸಾಲು ಬರೆಯಿರಿ. ಇನ್ನೊಂದು: ಭಯ, ದ್ವೇಷ ಹುಟ್ಟಿಸುವ ವದಂತಿ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಅಡಿ ಅಪರಾಧ. "ನಾನು ಬರೀ ಫಾರ್ವರ್ಡ್ ಮಾಡಿದ್ದು" ಅನ್ನುವ ಮಾತು ಕಾಪಾಡುತ್ತದೆ ಎಂದುಕೊಳ್ಳಬೇಡಿ.

ಹಂತ 10: ತಪ್ಪು ಮಾಡಿದ್ದು ಮಾಧ್ಯಮವೇ ಆದರೆ

"ಮೀಡಿಯಾದವರೆಲ್ಲ ಮಾರಿಕೊಂಡಿದ್ದಾರೆ" ಅಂತ ಸ್ಟೇಟಸ್ ಹಾಕಿದರೆ ಯಾರಿಗೂ ಬಿಸಿ ತಟ್ಟುವುದಿಲ್ಲ. ಹೆಸರು, ದಿನಾಂಕ ಹಾಕಿ ದೂರು ಬರೆದರೆ ತಟ್ಟುತ್ತದೆ.

ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ. ಯಾವ ದಿನ, ಯಾವ ಪುಟ, ಯಾವ ವಾಕ್ಯ ತಪ್ಪು, ಸರಿ ಯಾವುದು, ಆಧಾರ ಏನು. ತಿದ್ದುಪಡಿ ಹಾಕುವ ಪತ್ರಿಕೆಯನ್ನು ಅದೇ ಕಾರಣಕ್ಕೆ ಜರೆಯಬೇಡಿ. ತಪ್ಪನ್ನು ಹೆಸರಿಟ್ಟು ಒಪ್ಪಿಕೊಳ್ಳುವವರು, ಸದ್ದಿಲ್ಲದೆ ಲಿಂಕ್ ಅಳಿಸುವವರಿಗಿಂತ ನಂಬಿಕೆಗೆ ಅರ್ಹರು. ಉತ್ತರ ಬರಲಿಲ್ಲ ಅಥವಾ ಸಮಾಧಾನ ಆಗಲಿಲ್ಲ ಎಂದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ತಲುಪಬೇಕು. ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಮೂಲ ಕಟಿಂಗ್, ಕನ್ನಡ ವರದಿಯ ಇಂಗ್ಲಿಷ್ ಅನುವಾದ, ಈ ವಿಷಯದಲ್ಲಿ ಕೋರ್ಟಿನಲ್ಲಿ ಪ್ರಕರಣ ಇಲ್ಲ ಎಂಬ ಘೋಷಣೆ ಜೊತೆಗಿರಲಿ. ಮಂಡಳಿ ದಂಡ ಹಾಕುವ ಹಾಗಿಲ್ಲ, ಎಚ್ಚರಿಕೆ, ಛೀಮಾರಿ ಕೊಡಬಹುದು ಅಷ್ಟೇ. ಅದು ಕಡಿಮೆ ಅನ್ನಿಸಬಹುದು, ನನಗೂ ಕಡಿಮೆಯೇ ಅನ್ನಿಸುತ್ತದೆ, ಆದರೆ ದಾಖಲೆಯಲ್ಲಿ ಉಳಿಯುತ್ತದೆ.

ಟಿವಿ ಚಾನೆಲ್ ಆದರೆ ಪತ್ರಿಕಾ ಮಂಡಳಿಗೆ ಬರೆದು ಸಮಯ ಕಳೆಯಬೇಡಿ, ಟಿವಿ ಅದರ ವ್ಯಾಪ್ತಿಯಲ್ಲಿ ಇಲ್ಲ. ಕಾರ್ಯಕ್ರಮದ ಹೆಸರು, ದಿನ, ಗಂಟೆ ಬರೆದು ಆ ಚಾನೆಲ್‌ನ ದೂರು ಅಧಿಕಾರಿಗೆ ಒಂದು ವಾರದೊಳಗೆ ಇಮೇಲ್ ಮಾಡಿ. 2021ರ ಕೇಬಲ್ ಟಿವಿ ನಿಯಮದಂತೆ ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆ ಆಗದಿದ್ದರೆ ಚಾನೆಲ್ ಸದಸ್ಯವಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಹಲವು ಸುದ್ದಿ ಚಾನೆಲ್‌ಗಳಿಗೆ ಅದು ಎನ್‌ಬಿಡಿಎಸ್‌ಎ, ಅಂದರೆ ಸುದ್ದಿ ಚಾನೆಲ್‌ಗಳ ಸಂಘವೇ ರಚಿಸಿಕೊಂಡ ದೂರು ಪ್ರಾಧಿಕಾರ. ಸುದ್ದಿ ವೆಬ್‌ಸೈಟುಗಳಿಗೂ ಇದೇ ರೀತಿ ದೂರು ಅಧಿಕಾರಿ, ಅದೇ 15 ದಿನ. ಆ ಅಧಿಕಾರಿಯ ಹೆಸರು, ಇಮೇಲ್ ವೆಬ್‌ಸೈಟಿನ ಕೆಳಭಾಗದಲ್ಲಿ ಇರಬೇಕು. ಸುದ್ದಿ ಅಂತ ಹಾಕಿಕೊಂಡು ವಿಳಾಸ, ಸಂಪಾದಕರ ಹೆಸರು, ದೂರು ಅಧಿಕಾರಿ ಏನೂ ಇಲ್ಲದ ವೆಬ್‌ಸೈಟ್ ಕಂಡರೆ ಅದರ ಸುದ್ದಿಗೆ ಎಷ್ಟು ಬೆಲೆ ಕೊಡಬೇಕೆಂದು ನಿಮಗೇ ತಿಳಿಯುತ್ತದೆ.

ದೂರು ಬರೆಯುವ ಮುಂಚೆ ಸಾಕ್ಷಿ ಉಳಿಸಿಕೊಳ್ಳಿ. ಟಿವಿ ಪರದೆಯ ರೆಕಾರ್ಡಿಂಗ್, ಯೂಟ್ಯೂಬ್ ಲಿಂಕ್ ಮತ್ತು ಸಮಯ, ವೆಬ್ ಪುಟವಾದರೆ ಆರ್ಕೈವ್ ಡಾಟ್ ಆರ್ಗ್‌ನ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಹಾಕಿ ಸೇವ್ ಮಾಡಿ. ಅದು ಆ ಹೊತ್ತಿನಲ್ಲಿ ಪುಟ ಹೇಗಿತ್ತೋ ಹಾಗೇ ದಿನಾಂಕದ ಸಮೇತ ಇಟ್ಟುಕೊಳ್ಳುತ್ತದೆ. ನಿಮ್ಮ ಇಮೇಲ್ ತಲುಪಿದ ಮೇಲೆ ಪುಟ ಬದಲಾದರೂ ಆ ಪ್ರತಿ ನಿಮ್ಮ ಹತ್ತಿರ ಇರುತ್ತದೆ, ಮೇಲ್ಮನವಿಗೆ ಅದನ್ನೇ ಲಗತ್ತಿಸಿ.